ಹೊಳಿ ತುಂಬಿದಾಗ ಬರ್ರಿ

ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ನಿವೃತ್ತನಾದೆ. ಇಂಡಿ ಊರಿನ ನಮ್ಮ ಓಣಿಯಲ್ಲಿ ಇದನ್ನು ಇನ್ನೂ ಯಾರೂ ನಂಬಿಲ್ಲ. ಎದುರು ಮನೆಯ ನಿವೃತ್ತ ಮಾಸ್ತರರು ಮೊದಲ ದಿನವೇ ನನ್ನನ್ನು ಕಟ್ಟೆಗೆ ಕರೆದು ಕೂರಿಸಿಕೊಂಡು, "ನಿವೃತ್ತಿ ಅಂದ್ರ ತಲಿ ಬೆಳ್ಳಗಾಗಿರಬೇಕು, ಹಲ್ಲು ಅಳ್ಳಾಡತಿರಬೇಕು. ನಿಂದೇನು ಭಾನಗಡಿ ಹೇಳೋ ತಮ್ಮಾ, ನಾ ಯಾರಿಗೂ ಹೇಳೂದಿಲ್ಲ" ಎಂದರು. ಭಾನಗಡಿ ಏನೂ ಇಲ್ಲ, ಕಂಪನಿ ಸ್ವಯಂ ನಿವೃತ್ತಿ ಕೊಟ್ಟಿತು ಎಂದೆ. "ಕಂಪನಿ ಕೊಟ್ಟರ ಅದು ಸ್ವಯಂ ಹೆಂಗಾಗ್ತದ?" ಎಂದು ಕೇಳಿದರು. ವರ್ಷಗಟ್ಟಲೆ ಕಂಪನಿಯ ಸುತ್ತೋಲೆ ಓದಿದ ನನಗೂ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲ.

ಬೀಳ್ಕೊಡುಗೆಗೆ ಶಾಲು, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ ಸಿಕ್ಕವು. ನನ್ನ ಮೇಲಧಿಕಾರಿ ದೇಶಪಾಂಡೆ ಸಾಹೇಬರು "ಇವರು ನಮ್ಮ ಕುಟುಂಬದ ಸದಸ್ಯರು" ಎಂದು ಭಾಷಣ ಮಾಡುತ್ತಿದ್ದಾಗ, ನನ್ನ ಕೆಲಸವನ್ನು ಮುಂದುವರಿಸಲಿರುವ ಸಾಫ್ಟ್‌ವೇರನ್ನು ಪಕ್ಕದ ಕೋಣೆಯ ಕಂಪ್ಯೂಟರಿಗೆ ಹಾಕುತ್ತಿದ್ದರು. ಅದಕ್ಕೊಂದು ಶಾಲು ಹೊದಿಸುವುದು ಮಾತ್ರ ಬಾಕಿ ಉಳಿಯಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳ ಮೊಬೈಲ್ ಟವರುಗಳ ಸಿಗ್ನಲ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಬಾಡಿಗೆ ಜೀಪಿನಲ್ಲಿ ನಾಲ್ಕೈದು ಫೋನು, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಊರೂರು ತಿರುಗುವುದು. ಎಲ್ಲಿ ಸಿಗ್ನಲ್ ಚೆನ್ನಾಗಿದೆಯೋ ಅಲ್ಲಿ ನಕ್ಷೆ ಹಸಿರಾಗುತ್ತದೆ, ಇಲ್ಲದ ಕಡೆ ಕೆಂಪಾಗುತ್ತದೆ. ಇದಕ್ಕೆ ಡ್ರೈವ್ ಟೆಸ್ಟ್ ಎಂದು ಹೆಸರು. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗರಿಗೆ ತರಬೇತಿಯಲ್ಲಿ ಹೇಳದ ಗುಟ್ಟೊಂದನ್ನು ಮೊದಲೇ ಹೇಳಿಬಿಡುತ್ತೇನೆ: ನಕ್ಷೆ ಹಸಿರಾಗಿಯೇ ಬರುತ್ತದೆ. ಯಾಕೆಂದರೆ ಜೀಪು ಡಾಂಬರು ರಸ್ತೆ ಬಿಟ್ಟು ಇಳಿಯುವುದಿಲ್ಲ, ಟವರುಗಳನ್ನು ಹಾಕಿರುವುದೂ ಡಾಂಬರು ರಸ್ತೆಯ ಮಗ್ಗುಲಲ್ಲೇ. ಜೊತೆಗೆ ಆ ರಸ್ತೆಯ ಮೇಲೆ ಒಳ್ಳೆಯ ಖಾನಾವಳಿಯೂ ಇರುತ್ತದೆ. ನಮ್ಮ ಡ್ರೈವರ್ ಮೌಲಾಲಿ ಪರೀಕ್ಷೆಯ ದಾರಿಯನ್ನು ಜೋಳದ ರೊಟ್ಟಿಯ ಮೇಲೆ ನಿರ್ಧರಿಸುತ್ತಿದ್ದ. ಬಸವನ ಬಾಗೇವಾಡಿಯಿಂದ ಇಂಗಳೇಶ್ವರದ ಕಡೆ ಸಿಗ್ನಲ್ ಹೇಗಿದೆ ಎಂಬುದು ಕಂಪನಿಗೆ ಬಹುಕಾಲ ತಿಳಿದಿರಲಿಲ್ಲ. ಆ ರಸ್ತೆಯ ಖಾನಾವಳಿಯ ಪುಂಡಿ ಪಲ್ಯ ಅವನಿಗೆ ಸೇರುತ್ತಿರಲಿಲ್ಲ.

ನನಗೆ ಕಾಲೇಜಿನಿಂದಲೂ ದಿನಚರಿ ಬರೆಯುವ, ಕಂಡದ್ದನ್ನೆಲ್ಲ ಎಣಿಸಿ ಗೀಟು ಹಾಕುವ ಚಟ. "ಫೈವ್ ಜಿ ಯಾವಾಗ ಬರ್ತೈತ್ರಿ?" ಎಂದು ಕೇಳಿದವರಿಗಾಗಿ ಒಂದು ಪುಟ ಇಟ್ಟಿದ್ದೆ. ಪುಟ ಸಾಲದೆ ವರ್ಷದೊಳಗೆ ಕೈಬಿಟ್ಟೆ. "ಸಿಗ್ನಲ್ ಚಲೋ ಮಾಡಿದ್ರಿ" ಎಂದವರಿಗೂ ಒಂದು ಪುಟ ಇಟ್ಟಿದ್ದೆ. ನಿವೃತ್ತಿಯ ದಿನ ಅದು ತೊಳೆದಿಟ್ಟ ತಟ್ಟೆಯ ಹಾಗಿತ್ತು. ಆದರೆ ಒಂದು ಟವರನ್ನು ಮಾತ್ರ ನಾನು ನಿಜವಾಗಿ ಉಳಿಸಿದ್ದೆ. ಕೃಷ್ಣೆಯ ಹಿನ್ನೀರಿನ ಅಂಚಿನಲ್ಲಿ ಹೊಸಮಡ್ಡಿ ಎಂಬ ಊರಿನ ಟವರು ಅದು. ನಾನು ಹೋದ ಮೇಲೂ ಅದು ಸರಿಯಾಗಿ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದರ ಮೇಲೆ ಅಲ್ಲಿನ ಆರೋಗ್ಯ ಉಪಕೇಂದ್ರದ ನರ್ಸ್ ಕಸ್ತೂರಿ ಅವರ ಆಂಬುಲೆನ್ಸ್ ಕರೆ ನಿಂತಿತ್ತು. ಅದನ್ನು ಹೇಳುವ ಮೊದಲು ಇನ್ನೆರಡು ಊರಿನ ಕಥೆ ಹೇಳಬೇಕು. ಅಲ್ಲಿ ಕಲಿಯದಿದ್ದರೆ ಹೊಸಮಡ್ಡಿಯಲ್ಲಿ ನನಗೇನೂ ತಿಳಿಯುತ್ತಿರಲಿಲ್ಲ.

ಮೊದಲನೆಯದು ನನ್ನೂರು ಇಂಡಿಯದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿಂಬೆ ವ್ಯಾಪಾರದ ಬಜಾರಿನಿಂದ ದೂರುಗಳು ಬಂದವು. ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬ ಇವೆ, ಆದರೆ ನಾವು ಮಾತಾಡಿದ್ದು ಆಚೆಯವರಿಗೆ ಕೇಳುವುದಿಲ್ಲ ಎಂದು. ಕಚೇರಿಯವರು ಟವರಿನ ಶಕ್ತಿ ಹೆಚ್ಚಿಸಿದರು. ನಮ್ಮಲ್ಲಿ ನೆಗಡಿಗೂ ಮುರಿದ ಕಾಲಿಗೂ ಅದೊಂದೇ ಗುಳಿಗೆ. ಕಡ್ಡಿಗಳು ಇನ್ನಷ್ಟು ಗಟ್ಟಿಯಾದವು, ಮಾತು ಮಾತ್ರ ಹೋಗಲಿಲ್ಲ. ಕೊನೆಗೆ ನಾನು ಕೈಯಲ್ಲಿ ಹಿಡಿಯುವ ಆಂಟೆನಾ ತೆಗೆದುಕೊಂಡು, ಗದ್ದಲ ಎತ್ತಲಿಂದ ಬರುತ್ತಿದೆ ಎಂದು ಹುಡುಕುತ್ತ ನಡೆದೆ. ಅದು ನನ್ನನ್ನು ಒಬ್ಬ ನಿಂಬೆ ಸಾಹುಕಾರರ ಅಂಗಡಿಯ ಮಾಳಿಗೆಗೆ ಕರೆದೊಯ್ದಿತು. ಅಲ್ಲೊಂದು ಹೆಸರಿಲ್ಲದ ಪೆಟ್ಟಿಗೆ ಬೆಚ್ಚಗೆ ಕೂತಿತ್ತು.

"ಇದೇನ್ರಿ ಸಾಹುಕಾರ್ರ?"

"ಬೂಸ್ಟರ್ ರೀ. ಸೊಲ್ಲಾಪುರದಿಂದ ತರಿಸೇನಿ. ನೋಡ್ರಿ ಇಲ್ಲೆ, ಐದಕ್ಕೈದು ಕಡ್ಡಿ!"

"ಮತ್ತ ನಿಮ್ಮ ಮಾತು ಹೋಗ್ತಾವೇನ್ರಿ?"

"ಮಾತೆಲ್ಲಿ ಹೋಗ್ತಾವ? ನಿಮ್ಮ ಕಂಪನಿ ಹಣೇಬರಾನ ಅಷ್ಟ. ಆದ್ರ ಕಡ್ಡಿ ನೋಡ್ರಿ, ಕಡ್ಡಿ!"

ಹುಡುಗರೇ, ಇಲ್ಲೊಂದು ಮಾತು ಗಮನದಲ್ಲಿರಲಿ. ಕಡ್ಡಿ ತೋರಿಸುವುದು ಟವರಿನ ಮಾತು ಫೋನಿಗೆ ಎಷ್ಟು ಕೇಳುತ್ತದೆ ಎಂಬುದನ್ನು ಮಾತ್ರ. ಫೋನಿನ ಮಾತು ಟವರಿಗೆ ಎಷ್ಟು ಕೇಳುತ್ತದೆ ಎಂದು ಯಾವ ಕಡ್ಡಿಯೂ ಹೇಳುವುದಿಲ್ಲ. ಟವರು ಧ್ವನಿವರ್ಧಕದಲ್ಲಿ ಕೂಗುತ್ತದೆ, ಫೋನು ಕಿವಿಯಲ್ಲಿ ಪಿಸುಗುಡುತ್ತದೆ. ಸಾಹುಕಾರರ ಪೆಟ್ಟಿಗೆ ಟವರಿನ ಕಿವಿಯ ಹತ್ತಿರ ಇಡೀ ದಿನ ಊಳಿಡುತ್ತಿತ್ತು. ಬಜಾರಿನವರ ಪಿಸುಮಾತು ಅದರಲ್ಲಿ ಮುಳುಗುತ್ತಿತ್ತು, ಸಾಹುಕಾರರದ್ದೂ ಸೇರಿ. ನಾನು ಪ್ಲಗ್ ಕಿತ್ತೆ. ಸ್ವಲ್ಪ ಹೊತ್ತಿನಲ್ಲೇ ಕೆಳಗಿನ ಅಂಗಡಿಗಳಲ್ಲಿ ಜನ ಒಬ್ಬರಿಗೊಬ್ಬರು "ಹಾಂ, ಈಗ ಕೇಳಾಕತ್ತೈತಿ!" ಎಂದು ಫೋನಿನಲ್ಲಿ ಕಿರುಚುವುದು ಮಾಳಿಗೆಯ ತನಕ ಬಂತು. ಸಾಹುಕಾರರೂ ತಮ್ಮ ಗಿರಾಕಿಯೊಡನೆ ತೃಪ್ತಿಯಾಗಿ ಮಾತಾಡಿ, ಫೋನು ಇಟ್ಟು, ಪರದೆ ನೋಡಿ ಮುಖ ಸಣ್ಣದು ಮಾಡಿಕೊಂಡರು.

"ಕಡ್ಡಿ ಮೂರಕ್ಕ ಬಂತಲ್ರಿ. ಏನ್ ಕೆಡಿಸಿ ಹೊಂಟ್ರಿ?"

ಆ ವಾರ ಕಚೇರಿಗೆ ಬಂದ ದೂರು ಒಂದೇ. ಅದು ನನ್ನ ಮೇಲೆ, ಸಾಹುಕಾರರದು.

ಎರಡನೆಯ ಪಾಠ ಸಿಂದಗಿಯಲ್ಲಿ ಆಯಿತು. ಕೆಲವು ವರ್ಷಗಳ ನಂತರ ಕೇಂದ್ರ ಕಚೇರಿಯಿಂದ ಒಬ್ಬ ತಜ್ಞರು ಬಂದು ಟವರುಗಳಿಗೆ ನಾಲ್ಕು ಕಿವಿ ಕೊಡುವ ಹೊಸ ವಿಧಾನವನ್ನು ವಿವರಿಸಿದರು. ಇಡೀ ವೃತ್ತಿಯಲ್ಲಿ ನಾನು ಕೇಳಿದ ಚಂದದ ಪಾಠ ಅದು, ಅದರಲ್ಲಿ ವ್ಯಂಗ್ಯವಿಲ್ಲ. ಸಂತೆಯ ಗದ್ದಲದಲ್ಲಿ ದೂರದಿಂದ ಒಬ್ಬ ಕೂಗುತ್ತಾನೆ ಎಂದುಕೊಳ್ಳಿ. ನಾಲ್ಕು ಜನ ಗೆಳೆಯರು ನಾಲ್ಕು ಕಡೆ ನಿಂತು ಕೇಳುತ್ತಾರೆ. ಒಬ್ಬನಿಗೆ ಮೊದಲ ಅಕ್ಷರ ತಪ್ಪುತ್ತದೆ, ಇನ್ನೊಬ್ಬನಿಗೆ ಕೊನೆಯದು. ನಾಲ್ವರೂ ಕೂಡಿ ತಾಳೆ ನೋಡಿದರೆ ಮಾತು ಪೂರ್ತಿ ಸಿಗುತ್ತದೆ. ಯಂತ್ರವೂ ಹಾಗೆಯೇ ನಾಲ್ಕು ಆಂಟೆನಾಗಳಿಗೆ ಬಂದದ್ದನ್ನು ಒಂದರ ಮೇಲೊಂದು ಸರಿಯಾಗಿ ಹೊಂದಿಸಿ, ಸ್ಪಷ್ಟವಾಗಿ ಕೇಳಿದ ಕಿವಿಗೆ ಹೆಚ್ಚು ಬೆಲೆ ಕೊಟ್ಟು ಕೂಡಿಸುತ್ತದೆ. ಮಾತು ಮಾತಿಗೆ ಕೂಡಿ ದೊಡ್ಡದಾಗುತ್ತದೆ. ಗದ್ದಲಕ್ಕೆ ಗದ್ದಲ ಹಾಗೆ ಹೊಂದಿ ಕೂಡುವುದಿಲ್ಲ, ಆದ್ದರಿಂದ ಹಿಂದುಳಿಯುತ್ತದೆ. ಮೊದಲು ಟವರಿಗೆ ಕೇಳದಿದ್ದ ಕ್ಷೀಣ ಫೋನೂ ಕೇಳತೊಡಗುತ್ತದೆ.

ಸಿಂದಗಿಯ ಟವರಿಗೆ ನಾಲ್ಕು ಕಿವಿ ಹಾಕಿದ ಮೇಲೆ ಅದು ಮೊದಲಿಗಿಂತ ಕಿವುಡಾಯಿತು. ಒಂದು ತಿಂಗಳು ಗಣಿತದ ಮೇಲೆ ಪತ್ರವ್ಯವಹಾರ ನಡೆಯಿತು. ಯಾವ ಕಿವಿಗೆ ಎಷ್ಟು ಬೆಲೆ ಕೊಡಬೇಕೆಂದು ದೊಡ್ಡ ದೊಡ್ಡವರು ವಾದಿಸಿದರು. ಅಷ್ಟರಲ್ಲಿ ನಾನು ಸ್ಥಳಕ್ಕೆ ಹೋಗಿ, ಕೇಬಲ್ಲನ್ನು ಕೆಳಗಿನಿಂದ ಮೇಲಿನ ತನಕ ಕೈಯಲ್ಲಿ ಹಿಡಿದು ನೋಡಿಸಿದೆ. ಪೂರ್ವದ ಎರಡು ಕಿವಿ, ಪಶ್ಚಿಮದ ಎರಡು ಕಿವಿಗಳನ್ನು ಒಂದೇ ತಲೆಗೆ ಜೋಡಿಸಿದ್ದರು. ಯಾವ ಕೇಬಲ್ ಯಾವ ದಿಕ್ಕಿನದು ಎಂದು ತಿಳಿಯಲು ಬಣ್ಣದ ಟೇಪು ಸುತ್ತುವುದು ರೂಢಿ. ಜೋಡಿಸಿದವನನ್ನು ಕೇಳಿದೆ.

"ನೀಲಿ ಟೇಪ್ ಖಾಲಿ ಆಗಿತ್ರಿ ಸರ. ಎಲ್ಲಾಕ್ಕೂ ಕೆಂಪ ಸುತ್ತೇವಿ. ಏನರ ಸುತ್ತಬೇಕಲ್ರಿ?"

ಕೇಬಲ್ ಬದಲಿಸಿದೆವು, ಟವರಿಗೆ ಕಿವಿ ಬಂತು. ವರದಿಯಲ್ಲಿ "ಗಣಿತೀಯ ಹೊಂದಾಣಿಕೆಯಿಂದ ಸುಧಾರಣೆ" ಎಂದು ಬರೆಯಲಾಯಿತು. ನೀಲಿ ಟೇಪು ತರಿಸಿ ಎಂಬ ನನ್ನ ಶಿಫಾರಸು ಇಂದಿಗೂ ಪರಿಶೀಲನೆಯಲ್ಲಿರಬೇಕು.

ಹೊಸ ಕಿವಿಗಳನ್ನು ನಂತರ ಎಲ್ಲ ಕಡೆ ಹಾಕಿದರು. ಮುದ್ದೇಬಿಹಾಳ ತಾಲ್ಲೂಕಿಗೆ ಎದುರಾಗಿ, ಕೃಷ್ಣೆಯ ಆಚೆ ದಂಡೆಯ ಗುಡ್ಡದ ಮೇಲೊಂದು ಟವರಿದೆ. ಅದಕ್ಕೂ ಹಾಕಿದರು. ಅದು ಬೇರೆ ಜಿಲ್ಲೆ, ಬೇರೆ ಕಚೇರಿ, ನಮಗೆ ಸಂಬಂಧವಿಲ್ಲ. ಆ ವರ್ಷದಿಂದಲೇ ಹೊಸಮಡ್ಡಿಯ ದೂರು ಶುರುವಾಯಿತು. ಬೇರೆ ಕಚೇರಿಯ ಕಿವಿಗೂ ನಮ್ಮ ದೂರಿಗೂ ನಂಟಿರಬಹುದು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಹೊಸಮಡ್ಡಿ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದ ಮೇಲೆ ದಿನ್ನೆಯ ಮೇಲೆ ಕಟ್ಟಿಕೊಂಡ ಊರು. ನಮ್ಮ ಟವರು ದಿನ್ನೆಯ ಆಚೆ, ಡೀಸೆಲ್ ಗಾಡಿ ಬರಲು ಅನುಕೂಲವಾಗಲಿ ಎಂದು ಡಾಂಬರು ರಸ್ತೆಯಲ್ಲಿದೆ. ಆರೋಗ್ಯ ಉಪಕೇಂದ್ರ ದಿನ್ನೆಯ ಈಚೆ, ನೀರಿನ ಕಡೆಯ ಇಳಿಜಾರಿನಲ್ಲಿದೆ. ನರ್ಸ್ ಕಸ್ತೂರಿ ಅಲ್ಲೇ ಕ್ವಾರ್ಟರ್ಸಿನಲ್ಲಿ ಇರುತ್ತಿದ್ದರು. ಪ್ರತಿ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಅವರ ದೂರು ಬರುತ್ತಿತ್ತು: ಆಂಬುಲೆನ್ಸಿಗೆ ಫೋನು ಹಚ್ಚಿದರೆ ನಡುವೆಯೇ ಕಡಿಯುತ್ತದೆ. ಮತ್ತು ಪ್ರತಿ ವರ್ಷ ಏಪ್ರಿಲ್ ಇಲ್ಲವೇ ಮೇ ತಿಂಗಳಲ್ಲಿ ನಮ್ಮ ಜೀಪು ಹೋಗಿ "ದೋಷ ಕಂಡುಬಂದಿಲ್ಲ" ಎಂದು ಬರೆದು ಬರುತ್ತಿತ್ತು. ಬೇಸಿಗೆಯಲ್ಲೇ ಯಾಕೆ? ಎರಿ ನೆಲದ ಕಪ್ಪು ಮಣ್ಣು ಒಮ್ಮೆ ನೆನೆಯಿತೆಂದರೆ ಜೀಪಿನ ಗಾಲಿಗೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಮಳೆಗಾಲದ ದೂರುಗಳನ್ನು ಕೂಡಿಹಾಕಿ ನೆಲ ಬಿರಿದ ಮೇಲೆ ಪರೀಕ್ಷಿಸುವುದು ನಮ್ಮ ಭಾಗದ ಸಂಪ್ರದಾಯ. ಯಾವ ಸುತ್ತೋಲೆಯಲ್ಲೂ ಇದು ಇಲ್ಲ. ಸುತ್ತೋಲೆಯಲ್ಲಿದ್ದಿದ್ದರೆ ಯಾರೂ ಪಾಲಿಸುತ್ತಿರಲಿಲ್ಲ.

ನಾನೂ ಒಂದು ಮೇ ತಿಂಗಳಲ್ಲಿ ಹೋದೆ. ಉಪಕೇಂದ್ರದ ಅಂಗಳದಲ್ಲಿ ನಿಂತು ಫೋನು ಹಚ್ಚಿದೆ, ಒಳಗೆ ಹೋದೆ, ಹೊರಗೆ ಬಂದೆ, ಕಡಿಯಲಿಲ್ಲ. ಕಸ್ತೂರಿ ಅವರು ಬಾಗಿಲಿಗೆ ಒರಗಿ ನೋಡುತ್ತಿದ್ದರು.

"ಎಷ್ಟು ಸಲ ಹಚ್ಚತೀರಿ ಹಚ್ರಿ ಸರ. ಈಗ ಕಟ್ ಆಗೂದಿಲ್ಲ."

"ಮತ್ತ ದೂರು ಯಾಕ ಬರದ್ರಿ ಸಿಸ್ಟರ್?"

"ಬ್ಯಾಸಗ್ಯಾಗ ನಂದೇನು ತಕರಾರಿಲ್ರಿ. ಹೊಳಿ ತುಂಬಿದಾಗ ಬರ್ರಿ ಅಂತ ಮೂರು ವರ್ಷ ಹೇಳಾಕತ್ತೇನಿ. ನೀವು ಮಾವಿನಹಣ್ಣಿನ ಸುಗ್ಗಿಗೆ ಬಂದಂಗ ಬರ್ತೀರಿ."

"ಮಳಿಗಾಲದಾಗ ಏನ್ ಆಗ್ತೈತ್ರಿ?"

"ಏನ್ ಆಗ್ತೈತಿ, ಟವರಿಗೆ ಥಂಡಿ ಹತ್ತತೈತಿ. ಹ್ವಾದ ಸಲ ಒಬ್ಬಾಕಿ ಹೆರಿಗಿ ಬ್ಯಾನಿ ತಿನ್ನಾಕತ್ತಿದ್ಲು. ಆಂಬುಲೆನ್ಸಿನವ್ರು 'ಊರ ಹೆಸರ ಹೇಳ್ರಿ' ಅಂತಾರ, ನಾ 'ಹೊಸ' ಅನ್ನೂದ್ರಾಗ ಕಟ್. ಮತ್ತ ಹಚ್ಚತೇನಿ, ಬ್ಯಾರೆ ಹುಡುಗಿ ಎತ್ತತಾಳ, ಮತ್ತ ಮೊದಲಿಂದ. ನಾಕನೇ ಸಲಕ್ಕ 'ಚಾಷ್ಟಿ ಮಾಡಾಕತ್ತೀರೇನ್ರಿ' ಅಂತ ನನಗ ಬೈದ್ಲು. ಕಡೀಕ ಟ್ರ್ಯಾಕ್ಟರನ್ಯಾಗ ಒಯ್ದ್ವಿ. ಕೂಸು ತಾಳಿಕೋಟಿ ರಸ್ತೇದಾಗ ಹುಟ್ಟಿತು. ಪುಣ್ಯಕ್ಕ ಇಬ್ರೂ ಚಲೋ ಅದಾರ. ಪ್ರತಿ ಸಲ ಪುಣ್ಯ ಇರ್ತೈತೇನ್ರಿ?"

ಟವರಿಗೆ ಥಂಡಿ ಹತ್ತುವುದಿಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು. ನಿಜ ಏನೆಂದು ಗೊತ್ತಿರಲಿಲ್ಲ. ಹಾಗಾಗಿ ಎಲ್ಲರಂತೆ ನಾನೂ "ದೋಷ ಕಂಡುಬಂದಿಲ್ಲ" ಎಂದು ಬರೆದೆ. ಕಂಡುಬಂದಿರಲಿಲ್ಲ, ಅದು ಸತ್ಯವೇ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಎರಡೂ ದಂಡೆಯ ಕಚೇರಿಗಳ ಸಭೆ ನಡೆಯಿತು. ಬಳಕೆ ಅತಿ ಹೆಚ್ಚು ಏರಿದ ಟವರಿಗೆಂದು ಆಚೆ ದಂಡೆಯ ಗುಡ್ಡದ ಟವರಿನ ಎಂಜಿನಿಯರಿಗೆ ಒಂದು ಪ್ರಶಸ್ತಿ ಢಾಲು ಕೊಟ್ಟರು. ಬಳಕೆ ಅತಿ ಕಡಿಮೆ ಇರುವ ಟವರುಗಳನ್ನು ವರ್ಷದ ಕೊನೆಗೆ ಕಿತ್ತು ಬೇರೆ ಕಡೆ ಹಾಕುವುದೆಂದು ತೀರ್ಮಾನವಾಯಿತು. ಅದರಲ್ಲಿ ಮೊದಲ ಹೆಸರು ಹೊಸಮಡ್ಡಿ. ಚಪ್ಪಾಳೆ ಎರಡಕ್ಕೂ ಒಂದೇ ಸಮನಾಗಿ ಬಿತ್ತು.

ಊಟಕ್ಕೆ ಕೂತಾಗ ಢಾಲು ಪಡೆದ ಎಂಜಿನಿಯರು ಖುಷಿಯಲ್ಲಿದ್ದರು. "ನಮ್ಮ ಟವರಿನ ಗಿರಾಕಿ ಯಾರು ಗೊತ್ತೇನ್ರಿ? ಹೊಳ್ಯಾನ ಮೀನಾ!" ಎಂದರು. ಎಲ್ಲರೂ ನಕ್ಕರು. ಅವರು ವಿವರಿಸಿದರು. ಪ್ರತಿ ಫೋನಿನ ಮಾತೂ ಟವರಿಗೆ ತನ್ನ ಸರದಿಗೆ ಸರಿಯಾಗಿ ಮುಟ್ಟಬೇಕು. ದೂರದ ಫೋನು ಒಂದಿಷ್ಟು ಮೊದಲೇ ಮಾತು ಬಿಡಬೇಕು. ಎಷ್ಟು ಮೊದಲು ಎಂದು ಟವರೇ ಫೋನಿಗೆ ಹೇಳುತ್ತದೆ. ಆ ಲೆಕ್ಕದಿಂದ ಫೋನು ಎಷ್ಟು ದೂರದಲ್ಲಿದೆ ಎಂದು ಗೊತ್ತಾಗುತ್ತದೆ. ಅವರ ಟವರಿಗೆ ಎಂಟೊಂಬತ್ತು ಕಿಲೋಮೀಟರ್ ದೂರದಿಂದ ಬಹಳ ಕರೆ ಬರುತ್ತಿದ್ದವು. ನಕ್ಷೆಯಲ್ಲಿ ಅಷ್ಟು ದೂರ ಅಳೆದು ನೋಡಿದರೆ ಅವರ ಜಿಲ್ಲೆ ಮುಗಿದು ನೀಲಿ ಬಣ್ಣವಷ್ಟೇ ಕಾಣುತ್ತಿತ್ತು. ಅವರ ನಕ್ಷೆಯಲ್ಲಿ ನಮ್ಮ ಜಿಲ್ಲೆಯೇ ಇರಲಿಲ್ಲ. ಆದ್ದರಿಂದ ಅದನ್ನು ತಪ್ಪು ಮಾಹಿತಿ ಎಂದು ವಿಂಗಡಿಸಿ ತೆಗೆದುಹಾಕಿದ್ದರು. ಢಾಲಿನ ಲೆಕ್ಕದಿಂದ ಮಾತ್ರ ತೆಗೆದಿರಲಿಲ್ಲ.

"ಅದೂ ಬರೀ ಮಳಿಗಾಲದಾಗ ರೀ," ಎಂದು ಅವರು ಕೊನೆಗೆ ಸೇರಿಸಿದರು. "ಬ್ಯಾಸಗ್ಯಾಗ ಮೀನಾ ಫೋನ್ ಮಾಡೂದಿಲ್ಲ. ನೀರ ಇರೂದಿಲ್ಲಲ್ಲ!"

ಎಲ್ಲರ ಜೊತೆ ನಗಲು ಬಾಯಿ ತೆರೆದಿದ್ದೆ. ತುತ್ತು ಅಲ್ಲೇ ನಿಂತಿತು. ಹೊಳಿ ತುಂಬಿದಾಗ ಬರ್ರಿ ಎಂದಿದ್ದರಲ್ಲ ಆಕೆ.

ತುಂಬಿದ ನೀರು ರೇಡಿಯೋ ಅಲೆಗೆ ಕನ್ನಡಿಯಿದ್ದ ಹಾಗೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ಉಬ್ಬುತಗ್ಗಿನ ನೆಲ, ಜಾಲಿ ಕಂಟಿ, ಹೊಳೆ ಪಾತ್ರದಲ್ಲಿ ಬಿತ್ತಿದ ಬೆಳೆ ಮೇಲೆದ್ದು ಅಲೆಯನ್ನು ಚದುರಿಸುತ್ತವೆ. ನೀರು ತುಂಬಿದರೆ ಗುಡ್ಡದ ಟವರಿನ ಧ್ವನಿ ಜಾರಿಕೊಂಡು ನೇರವಾಗಿ ಹೊಸಮಡ್ಡಿಯ ಇಳಿಜಾರಿಗೆ ಬಂದು ಬೀಳುತ್ತದೆ. ದಿನ್ನೆಯ ಮರೆಯಲ್ಲಿರುವ ಊರಿನ ಟವರಿಗಿಂತ ಆಚೆಯದೇ ಜೋರಾಗಿ ಕೇಳುತ್ತದೆ, ಫೋನು ಅದನ್ನೇ ಹಿಡಿಯುತ್ತದೆ. ಮೊದಲಾದರೆ ಅಷ್ಟು ದೂರದ ಫೋನಿನ ಪಿಸುಮಾತು ಆಚೆಯ ಟವರಿಗೆ ಕೇಳದೆ ಕರೆ ಹತ್ತುತ್ತಲೇ ಇರಲಿಲ್ಲ, ಫೋನು ಬೇಸತ್ತು ಊರಿನ ಟವರಿಗೆ ಮರಳುತ್ತಿತ್ತು. ಈಗ ನಾಲ್ಕು ಕಿವಿ ಬಂದಿವೆ. ಅಂಗಳದಲ್ಲಿ ನಿಂತರೆ ಅದಕ್ಕೆ ಕೇಳುತ್ತದೆ. ಮಾತಾಡುತ್ತ ರೋಗಿಯ ಹತ್ತಿರ ಒಳಗೆ ಹೋದರೆ ಗೋಡೆ ಅಡ್ಡ ಬಂದು ಕೇಳುವುದು ನಿಲ್ಲುತ್ತದೆ. ಆಗ ಅದು ಕರೆಯನ್ನು ಪಕ್ಕದ ಟವರಿನ ಕೈಗೆ ಕೊಡಬೇಕು. ಆದರೆ ಪ್ರತಿ ಟವರಿಗೂ ಅದರ ನೆರೆಹೊರೆ ಯಾರೆಂದು ನಾವೇ ಹೇಳಿಕೊಟ್ಟಿರಬೇಕು. ಹೊಸಮಡ್ಡಿ ಬೇರೆ ಜಿಲ್ಲೆ, ಯಾರೂ ಹೇಳಿಕೊಟ್ಟಿರಲಿಲ್ಲ. ಗುರುತಿಲ್ಲದವರ ಕೈಗೆ ಕೊಡುವುದು ಹೇಗೆ ಎಂದು ಅದು ಕರೆಯನ್ನು ನೀರಿಗೆ ಬಿಡುತ್ತಿತ್ತು.

ಅದನ್ನು ತೋರಿಸಿ ಸಾಬೀತು ಮಾಡಬೇಕಿತ್ತು. ವರ್ಷದ ಕೊನೆಗೆ ಟವರು ಕಿತ್ತರೆ ಬೇಸಿಗೆಯಲ್ಲಿ ಇರುವ ಸಿಗ್ನಲ್ಲೂ ಹೋಗಿ ಆ ಊರಿಗೆ ಏನೂ ಉಳಿಯುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಹೊಸಮಡ್ಡಿಗೆ ಹೋಗಬೇಕು ಎಂದಾಗ ಮೌಲಾಲಿ ಜೀಪಿನ ಕೀಲಿಯನ್ನು ಕಿಸೆಗೆ ಹಾಕಿಕೊಂಡ.

"ಜೋಶಿ ಸರ, ನಿಮ್ಮ ತಲಿ ಬರೋಬ್ಬರಿ ಐತಿಲ್ರಿ? ಡಾಂಬರ ತನಕ ಬಿಡ್ತೇನಿ. ಮುಂದ ನಿಮ್ಮ ಹಣೇಬರ."

ಡಾಂಬರಿನ ಕೊನೆಯಲ್ಲಿ ಕಸ್ತೂರಿ ಅವರು ಒಂದು ಟ್ರ್ಯಾಕ್ಟರು ನಿಲ್ಲಿಸಿಕೊಂಡು ಕಾದಿದ್ದರು. ಅಂದು ಲಸಿಕೆಯ ದಿನ, ತೊಡೆಯ ಮೇಲೆ ಲಸಿಕೆಯ ಡಬ್ಬಿ. ನಾನು ಮೇವಿನ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತೆ. ಟ್ರೇಲರ್ ಕುಲುಕಿದಾಗೆಲ್ಲ ನಕ್ಷೆಯ ಮೇಲಿನ ಬಾಣ ದಾರಿ ತಪ್ಪುತ್ತಿತ್ತು. ಎದುರಿಗೆ ಬಂದ ಹೆಂಗಸೊಬ್ಬಳು ನನ್ನ ಆಂಟೆನಾ ನೋಡಿ, "ಅಕ್ಕಾರ, ಇದು ಯಾವ ರೋಗದ ಸೂಜಿ ರೀ?" ಎಂದು ಕೂಸನ್ನು ಬೆನ್ನ ಹಿಂದೆ ಮಾಡಿಕೊಂಡಳು.

"ಇದು ಕಂಪನಿಗೆ ಚುಚ್ಚೂದೈತಿ, ನಿನಗಲ್ಲ ಬಾ" ಎಂದರು ಕಸ್ತೂರಿ.

ದಿನ್ನೆ ದಾಟಿದೆವು. ಕೆಳಗೆ ನೀರು ಕಣ್ಣು ಹಾಯುವಷ್ಟು ದೂರ ಹರಡಿತ್ತು. ಲ್ಯಾಪ್‌ಟಾಪಿನಲ್ಲಿ ಹೊಸಮಡ್ಡಿಯ ಟವರಿನ ಹೆಸರು ಹೋಗಿ ಗುಡ್ಡದ ಟವರಿನ ಹೆಸರು ಬಂತು. ಉಪಕೇಂದ್ರದ ಅಂಗಳದಿಂದ ಕಸ್ತೂರಿ ಅವರಿಗೆ ನನ್ನ ಇನ್ನೊಂದು ಫೋನಿಗೆ ಹಚ್ಚಿ ಒಳಗೆ ಹೋಗಲು ಹೇಳಿದೆ. "ಹಲೋ ಸರ, ಈಗ ಹೊಸ್ತಲಾ ದಾಟೇನಿ, ಈಗ ಖಾಟದ ಹತ್ರ" ಎಂದವರ ಧ್ವನಿ ರೋಗಿಯ ಮಂಚದ ಬಳಿ ಕಡಿಯಿತು. ಒಳಗಿನಿಂದ ಅವರೇ ಕೂಗಿದರು: "ಆತಲ್ರಿ ಸರ! ಕಟ್ ಆತು! ನಾ ಖರೇ ಹೇಳಿದ್ನೋ ಇಲ್ಲೋ!"

ಕರೆ ಕಡಿದಿದ್ದಕ್ಕೆ ಇಬ್ಬರು ಅಷ್ಟು ಸಂತೋಷಪಟ್ಟದ್ದು ಈ ಉದ್ಯಮದಲ್ಲಿ ಮೊದಲ ಸಲವಿರಬೇಕು. ಹೊರಡುವಾಗ ಅವರು ಮೆಲ್ಲಗೆ ಕೇಳಿದರು. "ಈ ಟವರ ಕೀಳತಾರಂತ ಖರೇನ್ರಿ? ಇದ್ದದ್ದೂ ಕಿತ್ತಕೊಂಡು ಹ್ವಾದ್ರ ನಾ ಹೊಳಿ ದಂಡಿಗಿ ನಿಂತು ಒದರಬೇಕೇನ್ರಿ?"

ನೋಡೋಣ ಎಂದೆ. ನಮ್ಮ ಕಂಪನಿಯ ತರಬೇತಿಯಲ್ಲಿ ಮೊದಲು ಕಲಿಸುವ ಪದ ಅದು.

ದೇಶಪಾಂಡೆ ಸಾಹೇಬರ ಮುಂದೆ ಎಲ್ಲವನ್ನೂ ಇಟ್ಟೆ. ನೀರು, ಕನ್ನಡಿ, ನಾಲ್ಕು ಕಿವಿ, ಮಧ್ಯದಲ್ಲಿ ಕಡಿದ ಆಂಬುಲೆನ್ಸಿನ ಕರೆ, ರಸ್ತೆಯಲ್ಲಿ ಹುಟ್ಟಿದ ಕೂಸು. ಅವರು ಕೆಟ್ಟವರಲ್ಲ, ಪೂರ್ತಿ ಕೇಳಿದರು. "ಎಲ್ಲಾ ಖರೆ ಅದ ಜೋಶಿ. ಆದ್ರ ವರದಿಯೊಳಗ ನೀರಿಗೆ ಕಾಲಂ ಇಲ್ಲ. ಟ್ರ್ಯಾಕ್ಟರಿಗಂತೂ ಮೊದಲ ಇಲ್ಲ. ಮತ್ತ ಆಚಿ ದಂಡಿಯವ್ರ ಟವರಿಗೆ ನಾವು ಕೈ ಹಚ್ಚೂದು ಹೆಂಗ?"

ಮಾಡಬೇಕಿದ್ದದ್ದು ಸಣ್ಣ ಕೆಲಸ. ಗುಡ್ಡದ ಟವರಿನಲ್ಲಿ ನಮ್ಮ ಕಡೆಗಿರುವ ಆಂಟೆನಾವನ್ನು ನೆಲದ ಕಡೆಗೆ ನಾಲ್ಕು ಡಿಗ್ರಿ ಬಾಗಿಸುವುದು, ಹೊಸಮಡ್ಡಿಯನ್ನು ಅದರ ನೆರೆಯವರ ಸಾಲಿಗೆ ಸೇರಿಸುವುದು. ಆಚೆಯ ಎಂಜಿನಿಯರಿಗೆ ಆಗಲೇ ಕೇಳಿದ್ದೆ. "ಬಳಕೆ ಇಳೀತೈತ್ರಿ, ಢಾಲು ವಾಪಸ್ ಕೇಳಿದ್ರ?" ಎಂದಿದ್ದರು. ಅದನ್ನು ಸಾಹೇಬರಿಗೆ ಹೇಳಿ ಸುಮ್ಮನೆ ಎದ್ದೆ.

"ಕೂಡ್ರಿ, ಕೂಡ್ರಿ," ಎಂದರು ಅವರು. "ಏನಂದ್ರಿ? ಆ ಢಾಲು ಯಾರ ಬಳಕಿ ಮ್ಯಾಲೆ ಬಂತು?"

"ಹೊಸಮಡ್ಡಿಯವ್ರ ಮಾತಿನ ಮ್ಯಾಲೆ ಸರ."

"ಅಂದ್ರ ಮಾತಾಡೂದು ನಮ್ಮ ಮಂದಿ, ಢಾಲು ಅವರಿಗೆ? ನಮ್ಮ ಟವರಿಗೆ ಬಳಕಿ ಇಲ್ಲಂತ ಕೀಳೂದು, ಅವರಿಗೆ ಚಪ್ಪಾಳಿ? ಅದೂ ನಾನೂ ಹೊಡೀಬೇಕಾತು!" ಸಾಹೇಬರ ಮುಖ ಕೆಂಪಾಯಿತು. ಹೆರಿಗೆ ನೋವಿಗೆ ಅಲ್ಲಾಡದ ಕಡತ ಢಾಲಿನ ನೋವಿಗೆ ಎದ್ದು ಓಡಿತು. ಅಂದು ಮಧ್ಯಾಹ್ನವೇ ಮೇಲಿನವರಿಗೆ ಅವರು ಬರೆದ ಪತ್ರದಲ್ಲಿ ಗಡಿ, ಹಕ್ಕು, ಅನ್ಯಾಯ ಎಂಬ ಪದಗಳಿದ್ದವು. ನರ್ಸ್ ಎಂಬ ಪದ ಇರಲಿಲ್ಲ. ಪರವಾಗಿಲ್ಲ. ವಾರದೊಳಗೆ ಗುಡ್ಡದ ಟವರು ತಲೆ ತಗ್ಗಿಸಿತು.

ಹೊಸಮಡ್ಡಿಯ ಟವರಿನ ಒಂದು ಆಂಟೆನಾವನ್ನು ನಾವು ದಿನ್ನೆಯ ಕಡೆ ತಿರುಗಿಸಿದೆವು. ಅದರ ಬಳಕೆ ಏರಿತು, ಕೀಳುವ ಸಾಲಿನಿಂದ ಹೆಸರು ಹೋಯಿತು. ಕಸ್ತೂರಿ ಅವರ ದೂರು ಆ ವರ್ಷ ಮತ್ತೆ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಫೋನೂ ಬರಲಿಲ್ಲ. ಸರಿ ಹೋದ ಮೇಲೆ ಯಾರೂ ನಮಗೆ ಫೋನು ಮಾಡುವುದಿಲ್ಲ, ಈ ಕೆಲಸದಲ್ಲಿ ಮೌನವೇ ಪ್ರಶಸ್ತಿ.

ನಂತರ ಸಾಫ್ಟ್‌ವೇರು ಬಂತು. ಜನರ ಫೋನುಗಳಿಂದಲೇ ಅಳತೆ ತರಿಸಿಕೊಂಡು, ಯಾವ ಆಂಟೆನಾ ಎಷ್ಟು ಬಾಗಬೇಕು ಎಂದು ಅದೇ ಲೆಕ್ಕ ಹಾಕಿ, ಕುಳಿತಲ್ಲಿಂದಲೇ ಬಾಗಿಸುತ್ತದೆ, ಏಳಿಸುತ್ತದೆ. ಅದು ಮಾಡಿದ ಮೊದಲ ಸಲಹೆಗಳಲ್ಲಿ ಒಂದು, ಗುಡ್ಡದ ಟವರಿನ ಆಂಟೆನಾವನ್ನು ಮತ್ತೆ ಮೇಲೆತ್ತುವುದು. ಅದಕ್ಕೆ ಅಭ್ಯಾಸಕ್ಕೆಂದು ಕೊಟ್ಟ ಅಳತೆಗಳೆಲ್ಲ ಹಳೆಯ ಡ್ರೈವ್ ಟೆಸ್ಟಿನವು. ಎಲ್ಲವೂ ಏಪ್ರಿಲ್, ಮೇ ತಿಂಗಳಿನವು. ನಮ್ಮ ಸಂಪ್ರದಾಯವನ್ನು ಅದು ಭಕ್ತಿಯಿಂದ ಕಲಿತಿತ್ತು. ಅದರ ಪ್ರಕಾರ ಕೃಷ್ಣೆಯಲ್ಲಿ ನೀರೇ ಇಲ್ಲ.

ನನ್ನ ಕೊನೆಯ ವಾರದಲ್ಲಿ, ಆ ಆಂಟೆನಾವನ್ನು ಸಾಫ್ಟ್‌ವೇರು ಮುಟ್ಟದಂತೆ ಬೀಗ ಹಾಕುವ ಅನುಮತಿ ಕೇಳಿದೆ. ಕಾರಣ ಬರೆಯಬೇಕಾದ ಜಾಗದಲ್ಲಿ "ಹೊಳೆ ತುಂಬುತ್ತದೆ" ಎಂದು ಬರೆದೆ. ಇದು ತಾಂತ್ರಿಕ ಕಾರಣವಲ್ಲ ಎಂದು ವಾಪಸು ಬಂತು. ಸಾಹೇಬರ ಬಳಿ ಹೋಗಿ, ಆಚೆಯವರಿಗೆ ಮತ್ತೆ ಢಾಲು ಸಿಗುವ ಸಂಭವವಿದೆ ಎಂದಷ್ಟೇ ಹೇಳಿದೆ. ನೋಡುತ್ತೇನೆ ಎಂದರು. ಮರುದಿನ ಶಾಲು ಹೊದಿಸಿದರು. ಬೀಗ ಬಿತ್ತೋ ಇಲ್ಲವೋ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಕಂಪನಿಯ ಯಾವ ಪರದೆಯೂ ನನಗೆ ತೆರೆಯುವುದಿಲ್ಲ.

ಮಳೆಗಾಲ ಬಂತು. ಪತ್ರಿಕೆಯಲ್ಲಿ ಜಲಾಶಯ ತುಂಬಿದ ಸುದ್ದಿ ಓದಿದಾಗ ಬೇರೆಯವರು ಬಾಗಿನದ ಚಿತ್ರ ನೋಡಿದರೆ ನಾನು ಉಪಕೇಂದ್ರದ ಆ ಮಂಚವನ್ನು ನೆನೆಯುತ್ತಿದ್ದೆ. ಅಕ್ಟೋಬರಿನ ಒಂದು ಬೆಳಿಗ್ಗೆ ಫೋನು ಬಂತು. ಕಸ್ತೂರಿ ಅವರದು. ಮೊದಲ ಸಲ ಅವರಾಗಿಯೇ ಹಚ್ಚಿದ್ದರು. ದೂರೇ ಇರಬೇಕು ಎಂದುಕೊಂಡು ಎತ್ತಿದೆ.

"ಸರ, ನೀವು ರಿಟೈರ್ ಆದ್ರಂತ? ಇಷ್ಟ ಲಗೂನ? ಏನ್ ಮಾಡಿದ್ರಿ ಅಂತಾದ್ದು?"

"ಅದಿರ್ಲಿ ಸಿಸ್ಟರ್, ಈಗ ಎಲ್ಲಿದೀರಿ?"

"ಅಂಗಳದಾಗ."

"ಹೊಳಿ?"

"ತುಂಬೈತ್ರಿ, ಮೆಟ್ಟಲದ ತನಕ ಬಂದೈತಿ."

"ಮಾತಾಡಕೋತ ಒಳಗ ಹೋಗ್ರಿ ಒಂದೀಟು."

"ಯಾಕ್ರಿ, ಮತ್ತ ಪರೀಕ್ಷಾ ಏನು? ಹೊಂಟೇನಿ. ಹೊಸ್ತಲಾ... ಖಾಟ... ಔಷಧದ ಕಪಾಟ..."

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಕಡಿಯಲಿಲ್ಲ.

"ಹಲೋ? ಅದೀರೇನ್ರಿ ಸರ? ಯಾಕ ಹಚ್ಚಿದ್ನೆಂದ್ರ, ನಿನ್ನೆ ಮುಂಜಾನಿ ಒಂದು ಹೆರಿಗಿ ಕೇಸ್ ಬಂದಿತ್ತು. ಭಾಳ ತ್ರಾಸ ಇತ್ತು. ಆಕಿ ಕೈ ಹಿಡಕೊಂಡ ಖಾಟದ ಮಗ್ಗಲಾಗ ಕುಂತು ಆಂಬುಲೆನ್ಸಿಗೆ ಹಚ್ಚಿದೆ. ಊರ ಹೆಸರು ಒಂದ ಸಲ ಹೇಳಿದೆ. ಬಂದ್ರು. ತಾಲ್ಲೂಕ ದವಾಖಾನ್ಯಾಗ ಹೆಣ್ಣ ಕೂಸು, ಇಬ್ರೂ ಆರಾಮ ಅದಾರ."

ಏನಾದರೂ ಹೇಳಬೇಕೆನಿಸಿತು. ಅವರು ಬಿಡುವು ಕೊಡಲಿಲ್ಲ. ಅಲ್ಲಿಂದ ಲಸಿಕೆಯ ಫ್ರಿಜ್ಜು ಕೆಟ್ಟದ್ದು, ವರ್ಗಾವಣೆಯ ಅರ್ಜಿ, ಅತ್ತೆಯ ಮೊಣಕಾಲು, ಆ ಟ್ರ್ಯಾಕ್ಟರಿನವನ ಎರಡನೆಯ ಮದುವೆ ಎಲ್ಲವೂ ಬಂದವು. ಹಿತ್ತಲಿಗೆ ಹೋದರು, ನೀರಿನ ದಂಡೆಗೆ ಇಳಿದರು, ಮತ್ತೆ ಒಳಗೆ ಬಂದರು. ಎಲ್ಲೂ ಕಡಿಯಲಿಲ್ಲ. ಬೀಗ ಬಿದ್ದಿರಬೇಕು. ನನ್ನ ಚಹಾ ತಣ್ಣಗಾಗಿ ಕೆನೆ ಕಟ್ಟಿತು. ಕೊನೆಗೆ ನಮ್ಮ ನಾಲ್ಕೂ ತಾಲ್ಲೂಕಿನ ಜನ ಬೇಡದ ಮಾತಿನಿಂದ ಪಾರಾಗಲು ಬಳಸುವ ಅಸ್ತ್ರವನ್ನೇ ನಾನೂ ಎತ್ತಿದೆ.

"ಹಲೋ, ಹಲೋ? ಸಿಸ್ಟರ್, ಸಿಗ್ನಲ್ ಬರವಲ್ದು, ನಿಮ್ಮ ಧ್ವನಿ ಕಟ್ ಆಗಾಕತ್ತೈತಿ..."

"ಸುಳ್ಳ ಹೇಳಬ್ಯಾಡ್ರಿ ಸರ. ಸಿಗ್ನಲ್ ಬರೋಬ್ಬರಿ ಐತಿ. ನೀವ ಮಾಡಿದ್ದಲ್ರಿ?"

ನಾನು ದಿನಚರಿಯಲ್ಲಿ "ಸಿಗ್ನಲ್ ಚಲೋ ಮಾಡಿದ್ರಿ" ಎಂದವರ ಆ ಖಾಲಿ ಪುಟ ತೆರೆದು ಮೊದಲ ಗೀಟು ಹಾಕಿದೆ. ಅತ್ತ ಟ್ರ್ಯಾಕ್ಟರಿನವನ ಮದುವೆ ಇನ್ನೂ ಮುಗಿದಿರಲಿಲ್ಲ.